ಚಿಗುರಿನಿಂದ ಮಣ್ಣಿನವರೆಗೆ: ಎಲೆಯ ರಸಾಯನದ ಬಗ್ಗೆ ಓದುಗರ ಪ್ರಶ್ನೆಗಳು

ಎಲೆಯ ಬಣ್ಣ, ಎಲೆಗೊಬ್ಬರ, ಕೊಳೆತ ತರಗೆಲೆ ಇವುಗಳ ಬಗ್ಗೆ ಬೇರೆ ಬೇರೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳಂತೆ ತೋರಿದರೂ ಒಂದರ ಉತ್ತರವಿಲ್ಲದೆ ಇನ್ನೊಂದು ಪೂರ್ತಿಯಾಗುವುದಿಲ್ಲ. ಏಕೆಂದರೆ, ನೆಲಕ್ಕೆ ಬಿದ್ದ ಎಲೆ ಎಷ್ಟು ಬೇಗ ಕಳಿಯುತ್ತದೆ, ಕಳಿತು ಮಣ್ಣಿಗೆ ಏನನ್ನು ಕೊಡುತ್ತದೆ ಎಂಬುದು ಬಹುಮಟ್ಟಿಗೆ ಅದು ಇನ್ನೂ ಮರದ ಮೇಲಿರುವಾಗಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಪ್ರಶ್ನೆಗಳನ್ನು ಬಂದ ಕ್ರಮದಲ್ಲಿ ಇಡದೆ, ಎಲೆಯ ವಯಸ್ಸಿನ ಕ್ರಮದಲ್ಲಿ ಜೋಡಿಸಿದ್ದೇವೆ.

ಪ್ರಶ್ನೆ: ಒಂದೇ ಮರದಲ್ಲಿ ಚಿಗುರೆಲೆ ಮೃದುವಾಗಿಯೂ ಬಲಿತ ಎಲೆ ಒರಟಾಗಿಯೂ ಇರುತ್ತದೆ. ಹುಳುಗಳು ಕೂಡ ಚಿಗುರನ್ನೇ ಹುಡುಕಿಕೊಂಡು ಹೋಗುತ್ತವೆ. ಎರಡರ ಒಳಗಿರುವ ವಸ್ತುಗಳೇ ಬೇರೆಯೇ?

ಉತ್ತರ: ವಸ್ತುಗಳು ಬಹುಪಾಲು ಅವೇ, ಆದರೆ ಅವುಗಳ ಪ್ರಮಾಣ ಬೇರೆ. ಚಿಗುರಿನಲ್ಲಿ ಜೀವಕೋಶಗಳು ಇನ್ನೂ ವಿಭಜನೆಯಾಗುತ್ತ, ಹಿಗ್ಗುತ್ತ ಇರುತ್ತವೆ. ಹಿಗ್ಗಬೇಕಾದ ಕೋಶದ ಗೋಡೆ ತೆಳುವಾಗಿರಲೇಬೇಕು. ಆದ್ದರಿಂದ ಆ ಹಂತದಲ್ಲಿ ಎಲೆಯ ಒಣತೂಕದ ದೊಡ್ಡ ಪಾಲು ಗೋಡೆಯದಲ್ಲ, ಕೋಶದೊಳಗಿನ ಪ್ರೋಟೀನಿನದು, ನ್ಯೂಕ್ಲಿಯಿಕ್ ಆಮ್ಲಗಳದು. ಪ್ರೋಟೀನೆಂದರೆ ಸಾರಜನಕ, ನ್ಯೂಕ್ಲಿಯಿಕ್ ಆಮ್ಲವೆಂದರೆ ಸಾರಜನಕದ ಜೊತೆಗೆ ರಂಜಕ. ಹೀಗಾಗಿ ಚಿಗುರನ್ನು ಒಣಗಿಸಿ ಪರೀಕ್ಷಿಸಿದರೆ ಸಾರಜನಕ, ರಂಜಕ, ಪೊಟ್ಯಾಸಿಯಂ ಮೂರೂ ಶೇಕಡಾವಾರು ಲೆಕ್ಕದಲ್ಲಿ ಹೆಚ್ಚಾಗಿಯೇ ಕಾಣುತ್ತವೆ.

ಎಲೆ ಪೂರ್ತಿ ಅಗಲವಾದ ಮೇಲೆ ಕೋಶದ ಗೋಡೆಯ ಮೇಲೆ ಸೆಲ್ಯುಲೋಸ್ ಪದರ ಪದರವಾಗಿ ಕೂರುತ್ತದೆ, ನರಗಳಲ್ಲಿ ಗಡುಸು ಕೊಡುವ ಲಿಗ್ನಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ, ಮೇಲ್ಮೈಯ ಮೇಣದ ಹೊದಿಕೆ ದಪ್ಪವಾಗುತ್ತದೆ. ಇವೆಲ್ಲ ಇಂಗಾಲ ಹೆಚ್ಚಾಗಿರುವ, ಸಾರಜನಕ ಇಲ್ಲದ ವಸ್ತುಗಳು. ಎಲೆಯಲ್ಲಿದ್ದ ಸಾರಜನಕ ಎಲ್ಲಿಗೂ ಹೋಗದಿದ್ದರೂ ಇವುಗಳ ತೂಕ ಸೇರಿಕೊಂಡಂತೆ ಅದರ ಶೇಕಡಾ ಪ್ರಮಾಣ ಇಳಿಯುತ್ತದೆ. ಮರದ ಎಲೆಗಳನ್ನು ಪ್ರಯೋಗಾಲಯಕ್ಕೆ ಕಳಿಸುವವರು ಎಲೆಯ ವಯಸ್ಸನ್ನು ನಮೂದಿಸದೆ ಕಳಿಸಿದರೆ ಬರುವ ವರದಿಗೆ ಹೆಚ್ಚು ಅರ್ಥವಿರುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಹುಳುಗಳ ವಿಷಯಕ್ಕೆ ಬಂದರೆ, ಪೌಲ್ ಫೀನಿ ಎಂಬ ವಿಜ್ಞಾನಿ ಇಂಗ್ಲೆಂಡಿನ ಓಕ್ ಮರಗಳ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಮೂಲ ಆಧಾರಗಳಲ್ಲಿ ಒಂದು. ಅಲ್ಲಿನ ಒಂದು ಪತಂಗದ ಮರಿಹುಳುಗಳು ವಸಂತದ ಕೆಲವೇ ವಾರಗಳಲ್ಲಿ ಮಾತ್ರ ಓಕ್ ಎಲೆಯನ್ನು ಮುಗಿಬಿದ್ದು ತಿಂದು, ಆಮೇಲೆ ಮರದ ತುಂಬ ಎಲೆಯಿದ್ದರೂ ತಿನ್ನುವುದನ್ನು ನಿಲ್ಲಿಸುತ್ತಿದ್ದವು. ವಾರಗಳು ಕಳೆದಂತೆ ಎಲೆಯಲ್ಲಿ ಪ್ರೋಟೀನಿನ ಪಾಲು ಇಳಿಯುತ್ತ, ಟ್ಯಾನಿನ್ ಏರುತ್ತ, ಎಲೆ ಗಡುಸಾಗುತ್ತ ಹೋಗುವುದನ್ನು ಫೀನಿ ಅಳೆದು ತೋರಿಸಿದರು. ಟ್ಯಾನಿನ್ ಎಂಬುದು ಬಾಯಿಗೆ ಒಗರಾಗುವ ವಸ್ತು. ಅದು ಪ್ರೋಟೀನನ್ನು ಹಿಡಿದು ಗಂಟು ಹಾಕಿಬಿಡುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಎಲೆ ಕಳಿಯುವ ಹೊತ್ತಿಗೆ ಅದು ಮತ್ತೆ ಮುಖ್ಯವಾಗುತ್ತದೆ.

ಬಲಿತಂತೆ ಇಳಿಯದೆ ಏರುತ್ತಲೇ ಹೋಗುವ ಧಾತುವೂ ಒಂದಿದೆ, ಅದು ಕ್ಯಾಲ್ಸಿಯಂ. ಬೇರಿನಿಂದ ಮೇಲೇರುವ ನೀರಿನ ಜೊತೆ ಎಲೆಗೆ ಬರುವ ಕ್ಯಾಲ್ಸಿಯಂ, ನೀರು ಆವಿಯಾದ ಮೇಲೆ ಅಲ್ಲಿಯೇ ಉಳಿಯುತ್ತದೆ. ಎಲೆಯಿಂದ ಹೊರಕ್ಕೆ ಸಕ್ಕರೆ ಸಾಗಿಸುವ ಫ್ಲೋಯಂ ನಾಳಗಳಲ್ಲಿ ಅದು ಹಿಂದಿರುಗಿ ಹೋಗಲಾರದು. ಮರದ ಅತ್ಯಂತ ಹಳೆಯ ಎಲೆಯಲ್ಲಿ ಅತಿ ಹೆಚ್ಚು ಕ್ಯಾಲ್ಸಿಯಂ ಇರುವುದು ಇದರಿಂದಲೇ.

ಪ್ರಶ್ನೆ: ಎಲೆ ಹಳದಿಯಾಗುವಾಗ ಮರವು ಅದರಲ್ಲಿರುವ ಹಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಓದಿದ್ದೇನೆ. ಇದು ನಿಜವೇ? ಹಾಗಿದ್ದರೆ ಉದುರಿದ ಎಲೆಯಲ್ಲಿ ಉಳಿಯುವುದೇನು?

ಉತ್ತರ: ಈ ಮಾತು ಬಹಳ ಕಡೆ ಮುದ್ರಣವಾಗಿದೆ, ಆದರೆ ಅದು ಅರ್ಧ ಸತ್ಯ. ಮರವು ಎಲೆಯಿಂದ ಹಿಂದಕ್ಕೆ ಪಡೆಯುವುದು ನಿಜ. ಆದರೆ ಅದು ಪಡೆಯುವುದು ಹಸಿರನ್ನಲ್ಲ.

ಎಲೆಯ ಜೀವಕೋಶದಲ್ಲಿರುವ ಸಾರಜನಕದ ಸುಮಾರು ಮುಕ್ಕಾಲು ಪಾಲು ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಲ್ಲಿರುತ್ತದೆ. ಅದರಲ್ಲೂ ದೊಡ್ಡ ಪಾಲು, ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವದಲ್ಲಿ ಸೇರಿಕೊಂಡಿರುತ್ತದೆ. ಹಲವು ಸಸ್ಯಗಳಲ್ಲಿ ಎಲೆಯ ಕರಗುವ ಪ್ರೋಟೀನಿನ ಅರ್ಧದಷ್ಟು ಇದೊಂದೇ ಕಿಣ್ವ. ಎಲೆಗೆ ವಯಸ್ಸಾಗಿ, ಸೈಟೋಕೈನಿನ್ ಎಂಬ ಹಾರ್ಮೋನು ಕುಗ್ಗಿ, ಎಥಿಲೀನ್ ಮತ್ತು ಅಬ್ಸಿಸಿಕ್ ಆಮ್ಲ ಮೇಲುಗೈ ಪಡೆದಾಗ ಈ ಪ್ರೋಟೀನನ್ನು ಒಡೆಯುವ ಕೆಲಸ ಆರಂಭವಾಗುತ್ತದೆ. ಪ್ರೋಟೀನು ಅಮೈನೋ ಆಮ್ಲಗಳಾಗಿ, ಅವು ಬಹುಪಾಲು ಗ್ಲುಟಮಿನ್, ಆಸ್ಪರಾಜಿನ್‌ಗಳಂಥ ಸಾಗಿಸಲು ಸುಲಭವಾದ ರೂಪಕ್ಕೆ ತಿರುಗಿ ಫ್ಲೋಯಂ ಮೂಲಕ ಕೊಂಬೆಗೂ ತೊಗಟೆಗೂ ಬೇರಿಗೂ ಹೊಸ ಚಿಗುರಿಗೂ ಹೋಗುತ್ತವೆ. ನ್ಯೂಕ್ಲಿಯಿಕ್ ಆಮ್ಲಗಳು ಒಡೆದು ರಂಜಕವೂ ಹೊರಡುತ್ತದೆ. ಎಲೆ ಸಾಯುತ್ತಿದೆ ಎಂದು ನಾವು ಅಂದುಕೊಳ್ಳುವ ಈ ದಿನಗಳಲ್ಲಿ ಅದರ ಜೀವಕೋಶಗಳು ಬದುಕಿಯೇ ಇರುತ್ತವೆ, ಶಕ್ತಿ ವ್ಯಯಿಸಿ, ಕ್ರಮಬದ್ಧವಾಗಿ ತಮ್ಮನ್ನು ತಾವೇ ಬಿಚ್ಚಿಕೊಳ್ಳುತ್ತಿರುತ್ತವೆ. ಸಸ್ಯಗಳಲ್ಲಿ ನಡೆಯುವ ಕೆಲಸಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದುದು ಅಪರೂಪವೆಂದು ನನಗೆ ಅನಿಸುತ್ತದೆ.

ಹಾಗಾದರೆ ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿಗೆ ಏನಾಗುತ್ತದೆ? ಅದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ, ಅದರ ಸುತ್ತ ನಾಲ್ಕು ಸಾರಜನಕ ಪರಮಾಣುಗಳಿವೆ. ಪತ್ರಹರಿತ್ತು ಪ್ರೋಟೀನಿಗೆ ಅಂಟಿಕೊಂಡಿರುವವರೆಗೆ ಬೆಳಕನ್ನು ಸರಿಯಾದ ದಾರಿಗೆ ಹಚ್ಚುತ್ತದೆ. ಪ್ರೋಟೀನನ್ನು ಕಿತ್ತುಕೊಂಡ ಮೇಲೆ ಅದೇ ಪತ್ರಹರಿತ್ತು ಬಿಸಿಲಿನಲ್ಲಿ ಅಪಾಯಕಾರಿಯಾಗುತ್ತದೆ. ಹೀರಿದ ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ, ಕೋಶವನ್ನೇ ಸುಡಬಲ್ಲ ಉಗ್ರ ರೂಪದ ಆಮ್ಲಜನಕವನ್ನು ಹುಟ್ಟಿಸುತ್ತದೆ. ಆದ್ದರಿಂದ ಎಲೆ ಅದನ್ನು ಮೊದಲು ನಿರುಪದ್ರವಿಯಾಗಿ ಮಾಡಬೇಕು. ಕಿಣ್ವಗಳು ಮೆಗ್ನೀಸಿಯಂ ತೆಗೆಯುತ್ತವೆ, ಬಾಲದಂತಿರುವ ಉದ್ದನೆಯ ಭಾಗವನ್ನು ಕತ್ತರಿಸುತ್ತವೆ, ಉಳಿದ ಉಂಗುರವನ್ನು ಒಡೆದು ತೆರೆಯುತ್ತವೆ. ಕೊನೆಗೆ ಸಿಗುವ ಬಣ್ಣವಿಲ್ಲದ ವಸ್ತು ಕೋಶದೊಳಗೆ ರಸ ತುಂಬಿರುವ ಚೀಲದಲ್ಲಿ ಸೇರುತ್ತದೆ. 1991ರಲ್ಲಿ ಬರ್ನ್‌ಹಾರ್ಡ್ ಕ್ರಾಯ್ಟ್ಲರ್, ಫಿಲಿಪ್ ಮಾಟಿಲ್ ಮತ್ತು ಸಂಗಡಿಗರು ಬಾರ್ಲಿ ಎಲೆಯಲ್ಲಿ ಇಂಥ ಒಂದು ವಸ್ತುವಿನ ರಚನೆಯನ್ನು ಬಿಡಿಸುವವರೆಗೂ ಪತ್ರಹರಿತ್ತು ಎಲ್ಲಿ ಮಾಯವಾಗುತ್ತದೆ ಎಂಬುದೇ ಸ್ಪಷ್ಟವಿರಲಿಲ್ಲ. ಆ ನಾಲ್ಕು ಸಾರಜನಕ ಪರಮಾಣುಗಳು ಮರಕ್ಕೆ ಮರಳುವುದಿಲ್ಲ, ಉದುರುವ ಎಲೆಯ ಜೊತೆಗೇ ನೆಲಕ್ಕೆ ಬರುತ್ತವೆ. ಎಲೆಯ ಒಟ್ಟು ಸಾರಜನಕದಲ್ಲಿ ಪತ್ರಹರಿತ್ತಿನ ಪಾಲು ತೀರ ಕಡಿಮೆಯಾದ್ದರಿಂದ ಮರಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಅದನ್ನು ಒಡೆಯುವುದು ಪ್ರೋಟೀನಿನಲ್ಲಿರುವ ದೊಡ್ಡ ಗಂಟನ್ನು ಸುರಕ್ಷಿತವಾಗಿ ಹೊರಗೆ ಸಾಗಿಸಲಿಕ್ಕಾಗಿ.

ಹಣ್ಣಾಗುತ್ತಿರುವ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಜಾತಿಗಳಲ್ಲಿ ಎಲೆಯ ಅಂಚು ಮತ್ತು ನರಗಳ ನಡುವಿನ ಜಾಗ ಮೊದಲು ಹಳದಿಯಾಗುತ್ತದೆ, ನರದ ಇಕ್ಕೆಲದಲ್ಲಿ ಮಾತ್ರ ಹಸಿರಿನ ಸಣ್ಣ ಪಟ್ಟಿ ಕೊನೆಯವರೆಗೂ ಉಳಿದಿರುತ್ತದೆ. ಸಾಗಣೆಯ ನಾಳಗಳು ನರಗಳಲ್ಲಿವೆ, ಕೆಲಸ ಮುಗಿಯುವವರೆಗೆ ಅವುಗಳ ಸುತ್ತಲಿನ ಕೋಶಗಳು ಜೀವಂತವಾಗಿರಬೇಕು. ಸಾರಜನಕದ ಕೊರತೆಯಾದ ಗಿಡದಲ್ಲಿ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುವುದಕ್ಕೂ, ಕಬ್ಬಿಣದ ಕೊರತೆಯಾದಾಗ ತುದಿಯ ಚಿಗುರೇ ಬಿಳಿಚಿಕೊಳ್ಳುವುದಕ್ಕೂ ಇದೇ ಸಾಗಣೆಯ ನಿಯಮವೇ ಕಾರಣ. ಸಾರಜನಕವನ್ನು ಹಳೆಯ ಎಲೆಯಿಂದ ಹೊಸದಕ್ಕೆ ಒಯ್ಯಬಹುದು, ಕಬ್ಬಿಣವನ್ನು ಹಾಗೆ ಸುಲಭವಾಗಿ ಒಯ್ಯಲಾಗದು.

ಎಷ್ಟು ಮರಳುತ್ತದೆ ಎಂಬುದಕ್ಕೆ, ಜಗತ್ತಿನ ಅನೇಕ ಜಾತಿಗಳ ಅಳತೆಗಳನ್ನು ಒಟ್ಟುಗೂಡಿಸಿದ ಲೆಕ್ಕಗಳ ಪ್ರಕಾರ, ಸರಾಸರಿಯಲ್ಲಿ ಎಲೆಯ ಸಾರಜನಕ ಮತ್ತು ರಂಜಕದ ಅರ್ಧದಿಂದ ಮೂರನೇ ಎರಡು ಪಾಲಿನವರೆಗೆ ಉದುರುವ ಮೊದಲೇ ಮರಕ್ಕೆ ಮರಳಿರುತ್ತದೆ. ಬಲಿತ ಹಸಿರೆಲೆಯಲ್ಲಿ ಸುಮಾರು ಶೇ 2ರಷ್ಟಿದ್ದ ಸಾರಜನಕ ಉದುರಿದ ಎಲೆಯಲ್ಲಿ ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಶೇ 0.7ಕ್ಕಿಂತ ಕೆಳಗೆ ಇಳಿದಿದ್ದರೆ ಮರವು ತೆಗೆಯಬಹುದಾದದ್ದನ್ನೆಲ್ಲ ತೆಗೆದಿದೆ ಎಂದು ತಜ್ಞರು ಪರಿಗಣಿಸುತ್ತಾರೆ. ಇನ್ನು ಉಳಿಯುವುದು ಕೋಶದ ಗೋಡೆ, ಲಿಗ್ನಿನ್, ಟ್ಯಾನಿನ್, ಮೇಣ, ಕ್ಯಾಲ್ಸಿಯಂ, ಕಬ್ಬಿಣ, ಮ್ಯಾಂಗನೀಸ್, ಸಿಲಿಕ, ಅಷ್ಟಿಷ್ಟು ಪ್ರೋಟೀನು. ಈ ಕೆಲಸ ಮುಗಿದ ಮೇಲೆ ತೊಟ್ಟಿನ ಬುಡದಲ್ಲಿ ಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ ಕಿಣ್ವಗಳಿಂದ ಕರಗುತ್ತದೆ, ಎಲೆ ತನ್ನ ಭಾರಕ್ಕೇ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಕೆಲವು ಮರಗಳ ಎಲೆ ಹಳದಿಯಾಗುತ್ತದೆ, ಕೆಲವದು ಕೆಂಪಾಗುತ್ತದೆ, ಕೊನೆಗೆ ಎಲ್ಲವೂ ಕಂದಾಗುತ್ತವೆ. ಏಕೆ?

ಉತ್ತರ: ಹಳದಿಗೆ ಕಾರಣವಾದ ಕ್ಯಾರೊಟಿನಾಯ್ಡ್‌ಗಳು ಎಲೆಯಲ್ಲಿ ಮೊದಲಿನಿಂದಲೂ ಇರುತ್ತವೆ, ಹಸಿರು ಹೋದ ಮೇಲೆ ಕಾಣಿಸುತ್ತವೆ, ಅಷ್ಟೆ. ಕೆಂಪಿಗೆ ಕಾರಣವಾದ ಆಂಥೋಸಯನಿನ್ ಹಾಗಲ್ಲ, ಎಲೆ ಹಣ್ಣಾಗುವ ಹೊತ್ತಿನಲ್ಲಿ ಸಕ್ಕರೆಯಿಂದ ಹೊಸದಾಗಿ ತಯಾರಾಗುತ್ತದೆ. ಸಾಯಲಿರುವ ಎಲೆ ಹೊಸ ಬಣ್ಣಕ್ಕೆ ಸಕ್ಕರೆ ಖರ್ಚು ಮಾಡುವುದೇಕೆ ಎಂಬುದು ಇನ್ನೂ ಚರ್ಚೆಯಲ್ಲಿದೆ. ಪೋಷಕಾಂಶ ಮರಳುವ ದಿನಗಳಲ್ಲಿ ಅತಿಯಾದ ಬೆಳಕಿನಿಂದ ಕೋಶಗಳನ್ನು ಕಾಯಲು ಎಂಬ ವಾದವೂ, ಕೀಟಗಳಿಗೆ ಎಚ್ಚರಿಕೆ ಕೊಡಲು ಎಂಬ ವಾದವೂ ಇವೆ. ಬಹಳಷ್ಟು ಮರಗಳ ಎಳೆಯ ಚಿಗುರು ಕೂಡ ಇದೇ ವಸ್ತುವಿನಿಂದ ಕೆಂಪಾಗಿರುವುದನ್ನು ನೋಡಿದರೆ ಮೊದಲ ವಾದಕ್ಕೆ ಹೆಚ್ಚು ಬಲವಿದೆ ಎನಿಸುತ್ತದೆ, ಏಕೆಂದರೆ ಚಿಗುರಿನಲ್ಲೂ ಬೆಳಕನ್ನು ನಿಭಾಯಿಸುವ ವ್ಯವಸ್ಥೆ ಇನ್ನೂ ಪೂರ್ತಿಯಾಗಿರುವುದಿಲ್ಲ. ಕಂದು ಬಣ್ಣ ಸಾವಿನ ನಂತರದ್ದು. ಜೀವಂತ ಕೋಶದಲ್ಲಿ ಬೇರೆ ಬೇರೆ ಅರೆಗಳಲ್ಲಿದ್ದ, ಟ್ಯಾನಿನ್ ಬಳಗದ ಫೀನಾಲ್‌ಗಳೂ ಅವನ್ನು ಉತ್ಕರ್ಷಿಸುವ ಕಿಣ್ವಗಳೂ ಪೊರೆಗಳು ಒಡೆದಾಗ ಒಂದಾಗುತ್ತವೆ, ಗಾಳಿಯ ಆಮ್ಲಜನಕ ಸೇರಿ ಕಂದು ವಸ್ತುಗಳಾಗುತ್ತವೆ. ಅಳಿದುಳಿದ ಪ್ರೋಟೀನು ಕೂಡ ಅವುಗಳ ಜೊತೆ ಬಿಡಿಸಲಾಗದಂತೆ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಬಿರುಗಾಳಿಗೆ ಉದುರಿದ ಹಸಿರೆಲೆಯನ್ನೂ ತಾನಾಗಿ ಉದುರಿದ ಒಣ ಎಲೆಯನ್ನೂ ಒಂದೇ ಗುಂಡಿಗೆ ಹಾಕುತ್ತೇನೆ. ಹಸಿರು ಬೇಗ ಕೊಳೆಯುತ್ತದೆ, ಒಣಗಿದ್ದು ವರ್ಷವಾದರೂ ಹಾಗೆಯೇ ಇರುತ್ತದೆ. ನೀರಿನ ಅಂಶ ಕಡಿಮೆಯಿರುವುದೊಂದೇ ಕಾರಣವೇ?

ಉತ್ತರ: ನೀರು ಒಂದು ಕಾರಣ ಮಾತ್ರ. ಒಣ ಎಲೆಯನ್ನು ನೆನೆಸಿ ಇಟ್ಟರೂ ಅದು ಹಸಿರೆಲೆಯಷ್ಟು ಬೇಗ ಕಳಿಯುವುದಿಲ್ಲ. ಗಾಳಿಗೆ ಮುರಿದು ಬಿದ್ದ ಎಲೆಯಿಂದ ಮರಕ್ಕೆ ಏನನ್ನೂ ಹಿಂದಕ್ಕೆ ಪಡೆಯಲು ಆಗಿರುವುದಿಲ್ಲ. 1989ರಲ್ಲಿ ಹ್ಯೂಗೊ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಕಾಡಿನ ಎಲೆಗಳನ್ನು ಒಮ್ಮೆಗೇ ಉದುರಿಸಿದಾಗ, ಹಾಗೆ ಬಿದ್ದ ಎಲೆಗಳಲ್ಲಿ ಸಾಮಾನ್ಯವಾಗಿ ಉದುರುವ ಎಲೆಗಳಿಗಿಂತ ಪೋಷಕಾಂಶ ಹೆಚ್ಚಾಗಿದ್ದುದನ್ನು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ.

ಲೆಕ್ಕ ಹೀಗಿದೆ. ಎಲೆಯ ಒಣತೂಕದ ಸುಮಾರು ಶೇ 46ರಷ್ಟು ಇಂಗಾಲವೆಂದು ಇಟ್ಟುಕೊಳ್ಳೋಣ. ಸಾರಜನಕ ಶೇ 2ರಷ್ಟಿರುವ ಹಸಿರೆಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ 23 ಪಾಲು ಇಂಗಾಲ ಸಿಗುತ್ತದೆ. ಸಾರಜನಕ ಶೇ 0.8ಕ್ಕೆ ಇಳಿದ ತರಗೆಲೆಯಲ್ಲಿ ಅದು 57ರ ಮೇಲಾಗುತ್ತದೆ. ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳ ಮೈಯಲ್ಲಿ ಈ ಅನುಪಾತ 5ರಿಂದ 15ರೊಳಗೆ ಇರುತ್ತದೆ. ತಿಂದ ಇಂಗಾಲದ ಅರ್ಧಕ್ಕಿಂತ ಹೆಚ್ಚನ್ನು ಅವು ಉಸಿರಾಟದಲ್ಲಿ ಹೊರಬಿಟ್ಟರೂ, ಆಹಾರದಲ್ಲಿ ಅನುಪಾತ 20ರಿಂದ 30ರ ಸುಮಾರಿಗೆ ಇದ್ದರೆ ಮಾತ್ರ ಅವುಗಳಿಗೆ ಹೊರಗಿನ ಸಾರಜನಕ ಬೇಕಾಗುವುದಿಲ್ಲ. 57 ಇದ್ದರೆ ಬೇಕೇ ಬೇಕು. ಆದ್ದರಿಂದ ಒಣ ಎಲೆಯ ಗುಂಡಿಗೆ ಹಸಿ ಹುಲ್ಲು, ಸಗಣಿ, ತರಕಾರಿ ಸಿಪ್ಪೆ ಬೆರೆಸಬೇಕೆಂಬ ಸಲಹೆ ಬರಿಯ ರೂಢಿಯ ಮಾತಲ್ಲ, ಮರವು ಹಿಂದಕ್ಕೆ ಪಡೆದುಕೊಂಡ ಸಾರಜನಕವನ್ನು ನಾವು ಬೇರೆ ಕಡೆಯಿಂದ ತುಂಬಿಕೊಡುವುದು.

ಎಲ್ಲ ಮರಗಳೂ ಇಷ್ಟು ಬಿಗಿಯಾಗಿ ನಡೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುವ ಮರಗಳು ಎಲೆಯಿಂದ ಅಷ್ಟಾಗಿ ಹಿಂದಕ್ಕೆ ಪಡೆಯುವುದಿಲ್ಲ. ಆಲ್ಡರ್ ಎಂಬ ಮರದ ಎಲೆ ಹಸಿರಾಗಿರುವಾಗಲೇ ಉದುರುತ್ತದೆ. ಇಂಥ ಮರಗಳ ಎಲೆ ಗೊಬ್ಬರಕ್ಕೆ ಒಳ್ಳೆಯದೆನಿಸಿಕೊಂಡಿರುವುದು ಸರಿಯಾಗಿಯೇ ಇದೆ.

ಪ್ರಶ್ನೆ: ಒಣ ಎಲೆ ತುಂಬಿದ ತೊಟ್ಟಿಯಲ್ಲಿ ಮಳೆನೀರು ನಿಂತರೆ ಎರಡು ಮೂರು ದಿನಗಳಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಈ ನೀರಿನಲ್ಲಿ ಏನಿರುತ್ತದೆ? ಗಿಡಗಳಿಗೆ ಹಾಕಬಹುದೇ?

ಉತ್ತರ: ಕಳಿಯುವಿಕೆಯ ಮೊದಲ ಹಂತವೇ ಇದು, ಇದರಲ್ಲಿ ಜೀವಿಗಳ ಪಾತ್ರ ಕಡಿಮೆ, ನೀರಿನದೇ ಹೆಚ್ಚು. ಸತ್ತ ಕೋಶದ ಪೊರೆಗಳು ತಡೆಯುವ ಶಕ್ತಿ ಕಳೆದುಕೊಂಡಿರುವುದರಿಂದ ಕರಗುವ ವಸ್ತುಗಳೆಲ್ಲ ಹೊರಗೆ ಬರುತ್ತವೆ: ಅಳಿದುಳಿದ ಸಕ್ಕರೆ, ಸಣ್ಣ ಅಣುಗಳ ಫೀನಾಲ್‌ಗಳು, ಟ್ಯಾನಿನ್, ಎಲ್ಲಕ್ಕಿಂತ ಮೊದಲು ಪೊಟ್ಯಾಸಿಯಂ. ಪೊಟ್ಯಾಸಿಯಂ ಎಲೆಯ ಯಾವ ಅಣುವಿನ ಭಾಗವೂ ಅಲ್ಲ, ಕೋಶದ ರಸದಲ್ಲಿ ಬಿಡಿಯಾಗಿ ಕರಗಿರುತ್ತದೆ. ಹಾಗಾಗಿ ಒಂದೆರಡು ಜೋರು ಮಳೆಗೆ ಅದರ ಬಹುಪಾಲು ತೊಳೆದುಹೋಗುತ್ತದೆ. ಕೋಶದ ಗೋಡೆಗೆ ಕಟ್ಟಿಕೊಂಡಿರುವ ಕ್ಯಾಲ್ಸಿಯಂ ಮಾತ್ರ ಗೋಡೆ ಒಡೆಯುವವರೆಗೆ ಕದಲುವುದಿಲ್ಲ. ತೊರೆಗೆ ಬಿದ್ದ ಒಣ ಎಲೆಗಳ ಮೇಲೆ ನಡೆದ ಅಳತೆಗಳಲ್ಲಿ, ಕೆಲವು ಜಾತಿಯ ಎಲೆಗಳು ಮೊದಲ 24 ಗಂಟೆಗಳಲ್ಲೇ ತಮ್ಮ ತೂಕದ ಕಾಲುಭಾಗದವರೆಗೆ ಕಳೆದುಕೊಂಡಿರುವುದುಂಟು. ಅಮೆಜಾನ್ ಪ್ರದೇಶದ ರಿಯೊ ನೀಗ್ರೊ ನದಿಯ ಕಡುಕಂದು ಬಣ್ಣಕ್ಕೂ ಕಾಡಿನ ಸಸ್ಯಾವಶೇಷಗಳಿಂದ ಕರಗಿ ಬಂದ ಇಂಥ ವಸ್ತುಗಳೇ ಕಾರಣ.

ಗಿಡಗಳಿಗೆ ಹಾಕಬಹುದು, ಆದರೆ ಬಹಳಷ್ಟು ನೀರು ಬೆರೆಸಿ, ಬೆಳೆದ ಗಿಡಗಳ ಬುಡಕ್ಕೆ ಮಾತ್ರ ಹಾಕಿ. ಬೀಜ ಮೊಳೆಯುತ್ತಿರುವ ಮಡಿಗೆ ಬೇಡ, ಏಕೆಂದರೆ ಗಾಢವಾದ ಫೀನಾಲ್‌ಗಳು ಎಳೆಯ ಬೇರಿಗೆ ತೊಂದರೆ ಕೊಡಬಲ್ಲವು. ಅದರಲ್ಲಿ ಪೊಟ್ಯಾಸಿಯಂ ಸಿಗುತ್ತದೆಯೇ ಹೊರತು ಸಾರಜನಕವನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗದಲ್ಲಿ ಆಗಷ್ಟೇ ಉದುರಿದ ಎಲೆಗಿಂತ ಆರು ತಿಂಗಳು ಮಣ್ಣಿನ ಮೇಲೆ ಕೊಳೆತ ಅದೇ ಜಾತಿಯ ಎಲೆಯಲ್ಲಿ ಸಾರಜನಕದ ಪ್ರಮಾಣ ಹೆಚ್ಚಾಗಿ ಬಂತು. ಕೊಳೆಯುವಾಗ ಸಾರಜನಕ ಕಡಿಮೆಯಾಗಬೇಕಲ್ಲವೇ? ನಮ್ಮ ಅಳತೆ ತಪ್ಪಿರಬಹುದೇ?

ಉತ್ತರ: ಅಳತೆ ಸರಿಯಾಗಿಯೇ ಇದೆ. ಇದು ಕಳಿಯುವಿಕೆಯ ಅಧ್ಯಯನದಲ್ಲಿ ಎಲ್ಲರಿಗೂ ಎದುರಾಗುವ, ಎಲ್ಲರೂ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದ ಫಲಿತಾಂಶ. ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ, ಅವನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಬರಿಯ ಲೆಕ್ಕ. 100 ಗ್ರಾಂ ಒಣ ಎಲೆಯಲ್ಲಿ 1 ಗ್ರಾಂ ಸಾರಜನಕವಿತ್ತೆಂದು ಇಟ್ಟುಕೊಳ್ಳಿ. ಸೂಕ್ಷ್ಮಜೀವಿಗಳು ಇಂಗಾಲವನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡಾಗಿ ಹೊರಬಿಡುತ್ತವೆ, ಸಾರಜನಕವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತವೆ. 50 ಗ್ರಾಂ ಎಲೆ ಉಳಿಯುವ ಹೊತ್ತಿಗೆ ಆ 1 ಗ್ರಾಂ ಹಾಗೆಯೇ ಇದ್ದರೆ ಶೇ 1 ಇದ್ದದ್ದು ಶೇ 2 ಆಗುತ್ತದೆ. ಇಲ್ಲಿ ಸಾರಜನಕ ಒಂದಿಷ್ಟೂ ಹೆಚ್ಚಿಲ್ಲ, ತೂಕ ಇಳಿದಿದೆ.

ಎರಡನೆಯದು ನಿಜವಾದ ಏರಿಕೆ. ಶಿಲೀಂಧ್ರಗಳ ಎಳೆಗಳು ಒಂದೇ ಎಲೆಯೊಳಗೆ ಕುಳಿತಿರುವುದಿಲ್ಲ, ಒಂದು ತುದಿ ಎಲೆಯಲ್ಲಿಯೂ ಇನ್ನೊಂದು ತುದಿ ಕೆಳಗಿನ ಮಣ್ಣಿನಲ್ಲಿಯೂ ಇರುತ್ತದೆ. ಎಲೆಯಲ್ಲಿ ಇಂಗಾಲ ಯಥೇಚ್ಛವಾಗಿದ್ದು ಸಾರಜನಕ ಸಾಲದಾದಾಗ ಅವು ಮಣ್ಣಿನಿಂದ ಸಾರಜನಕವನ್ನು ಹೀರಿ ಎಲೆಗೆ ತರುತ್ತವೆ. ಮಳೆನೀರಿನಿಂದಲೂ ಸ್ವಲ್ಪ ಬರುತ್ತದೆ. ಆಗ 100 ಗ್ರಾಂ ಎಲೆಯಿಂದ ಆರಂಭವಾದ ರಾಶಿಯಲ್ಲಿ 1 ಗ್ರಾಂ ಇದ್ದದ್ದು ಕೆಲವು ತಿಂಗಳ ನಂತರ 1.2 ಗ್ರಾಂ ಆಗಿರಲೂಬಹುದು. ಕಳಿಯದ ಒಣ ಎಲೆಯನ್ನು ಮಣ್ಣಿನೊಳಗೆ ಬೆರೆಸಿದ ಕೂಡಲೇ ಅಲ್ಲಿ ನೆಟ್ಟ ಗಿಡಗಳು ಕೆಲವು ಕಾಲ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ: ಬೇರಿಗೆ ಸಿಗಬೇಕಾದ ಸಾರಜನಕವನ್ನು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಮೊದಲೇ ಹಿಡಿದಿಟ್ಟಿರುತ್ತವೆ. ಇಂಗಾಲ ಸಾಕಷ್ಟು ಕರಗಿ, ಅನುಪಾತ ಇಳಿದು, ಸೂಕ್ಷ್ಮಜೀವಿಗಳನ್ನು ತಿನ್ನುವ ಸಣ್ಣ ಜೀವಿಗಳು ಹೆಚ್ಚಿದ ಮೇಲೆ ಅದು ಅಮೋನಿಯಂ ರೂಪದಲ್ಲಿ ಹೊರಬೀಳುತ್ತದೆ. ತಾಳ್ಮೆಯಿದ್ದವರಿಗೆ ಆ ಸಾರಜನಕ ನಷ್ಟವಾಗುವುದಿಲ್ಲ, ತಡವಾಗಿ ಸಿಗುತ್ತದೆ.

ನಿಮ್ಮ ಪ್ರಯೋಗವನ್ನು ಇನ್ನೊಮ್ಮೆ ಮಾಡುವುದಾದರೆ ಶೇಕಡಾ ಪ್ರಮಾಣದ ಜೊತೆಗೆ ಉಳಿದ ತೂಕವನ್ನೂ ಅಳೆಯಿರಿ, ಎರಡನ್ನೂ ಗುಣಿಸಿದರೆ ಒಟ್ಟು ಸಾರಜನಕ ಎಷ್ಟೆಂದು ತಿಳಿಯುತ್ತದೆ. ಅದಕ್ಕೆ ಬಲೆಯ ಚೀಲ ಉತ್ತಮ. ಬೋಕಾಕ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು 1957ರಲ್ಲಿ ವಿವರಿಸಿದ ಈ ಸರಳ ಕ್ರಮವೇ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ತೂಕ ಮಾಡಿದ ಒಣ ಎಲೆಯನ್ನು ನೈಲಾನ್ ಬಲೆಯ ಚೀಲಗಳಲ್ಲಿ ತುಂಬಿ ನೆಲದ ಮೇಲಿಟ್ಟು, ನಿಗದಿತ ಅವಧಿಗೊಮ್ಮೆ ಕೆಲವನ್ನು ತೆಗೆದು, ಅಂಟಿದ ಮಣ್ಣನ್ನು ಜೋಪಾನವಾಗಿ ಬಿಡಿಸಿ, ಒಣಗಿಸಿ ಮತ್ತೆ ತೂಗಬೇಕು. ಮಣ್ಣು ಅಂಟಿದ್ದರೆ ಎಲ್ಲ ಲೆಕ್ಕವೂ ಕೆಡುತ್ತದೆ, ವಿದ್ಯಾರ್ಥಿಗಳ ಪ್ರಯೋಗ ಹೆಚ್ಚಾಗಿ ಎಡವುವುದು ಇಲ್ಲಿಯೇ. ಉಳಿದ ತೂಕ ಇಳಿಯುವ ರೀತಿಯನ್ನು ಜೆರ್ರಿ ಓಲ್ಸನ್ 1963ರಲ್ಲಿ ಒಂದು ಸ್ಥಿರಾಂಕದಿಂದ ಸೂಚಿಸಿದರು. ಆ ಸ್ಥಿರಾಂಕ ವರ್ಷಕ್ಕೆ 1 ಇದ್ದರೆ ವರ್ಷದ ಕೊನೆಗೆ ಶೇ 37ರಷ್ಟು, 0.3 ಇದ್ದರೆ ಶೇ 74ರಷ್ಟು ಎಲೆ ಉಳಿದಿರುತ್ತದೆ.

ಪ್ರಶ್ನೆ: ಕೆಲವೊಮ್ಮೆ ಎಲೆಯ ಮೈಯೆಲ್ಲ ಕರಗಿ ನರಗಳ ಜಾಲ ಮಾತ್ರ ಉಳಿದಿರುತ್ತದೆ. ನರ ಏಕೆ ಕೊಳೆಯುವುದಿಲ್ಲ?

ಉತ್ತರ: ನರವೂ ಕಳಿಯುತ್ತದೆ, ಆದರೆ ಕೊನೆಯಲ್ಲಿ. ಮೆದುಭಾಗದ ಕೋಶಗಳ ಗೋಡೆ ಹೆಚ್ಚಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಪೆಕ್ಟಿನ್. ಇವು ಸಕ್ಕರೆಯ ಸರಪಳಿಗಳಾದ್ದರಿಂದ ಕತ್ತರಿಸುವ ಕಿಣ್ವ ಅನೇಕ ಜೀವಿಗಳಲ್ಲಿದೆ. ನೀರು ಸಾಗಿಸುವ ನರದ ನಾಳಗಳಿಗೆ ಮಾತ್ರ ಲಿಗ್ನಿನ್ ಲೇಪವಿರುತ್ತದೆ. ಲಿಗ್ನಿನ್‌ಗೆ ನಿಯತವಾದ ಸರಪಳಿಯ ರಚನೆಯಿಲ್ಲ, ಉಂಗುರಾಕಾರದ ಅಣುಗಳು ಹತ್ತಾರು ಬಗೆಯ ಕೊಂಡಿಗಳಿಂದ ಅಡ್ಡಾದಿಡ್ಡಿಯಾಗಿ ಬೆಸೆದುಕೊಂಡಿರುತ್ತವೆ. ಹೀಗಾಗಿ ಒಂದು ಕಿಣ್ವ ಬಂದು ಒಂದು ಜಾಗದಲ್ಲಿ ಕತ್ತರಿಸಿದರೆ ಕೆಲಸವಾಗುವುದಿಲ್ಲ. ಬಿಳಿಕೊಳೆ ಶಿಲೀಂಧ್ರಗಳೆಂಬ ಗುಂಪು ಪೆರಾಕ್ಸಿಡೇಸ್ ಮತ್ತು ಲ್ಯಾಕೇಸ್ ಕಿಣ್ವಗಳನ್ನು ಸ್ರವಿಸಿ, ಬಲವಾಗಿ ಉತ್ಕರ್ಷಿಸಬಲ್ಲ ಪುಟ್ಟ ಅಣುಗಳನ್ನು ಸೃಷ್ಟಿಸಿ ಅವುಗಳಿಂದ ಲಿಗ್ನಿನ್ ಅನ್ನು ಛಿದ್ರಗೊಳಿಸುತ್ತದೆ. ತೇವವಾದ ತರಗೆಲೆ ರಾಶಿಯ ಮೇಲಿನ ಒಣ ಪದರವನ್ನು ಸರಿಸಿ ಒಳಗಿನ ಎಲೆಯೊಂದನ್ನು ಬಿಡಿಸಿದರೆ, ಕಂದು ಎಲೆಯ ಮೇಲೆ ಅಲ್ಲಲ್ಲಿ ಬಿಳುಪಾದ ತೇಪೆಗಳೂ ಅವುಗಳ ಮೇಲೆ ಹರಡಿದ ಬಿಳಿಯ ಸೂಕ್ಷ್ಮ ಎಳೆಗಳೂ ಕಾಣುತ್ತವೆ. ಆ ಬಿಳುಪು ಈ ಶಿಲೀಂಧ್ರದ ಕೆಲಸ. ತೇಪೆಯಿರುವಲ್ಲಿ ಬೆರಳಿನಿಂದ ಉಜ್ಜಿದರೆ ಎಲೆ ಪುಡಿಯಾಗುತ್ತದೆ, ಪಕ್ಕದ ಕಂದು ಭಾಗ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಈ ಪೆರಾಕ್ಸಿಡೇಸ್‌ಗಳಲ್ಲಿ ಒಂದಕ್ಕೆ ಮ್ಯಾಂಗನೀಸ್ ಬೇಕು. ಮರವು ಹಿಂದಕ್ಕೆ ಒಯ್ಯಲಾರದೆ ಎಲೆಯಲ್ಲೇ ಬಿಟ್ಟ ಧಾತುಗಳಲ್ಲಿ ಮ್ಯಾಂಗನೀಸ್ ಒಂದೆಂದು ಮೇಲೆ ಹೇಳಿದೆವು. ಸ್ವೀಡನ್ನಿನ ಬ್ಯೋರ್ನ್ ಬರ್ಗ್ ಮತ್ತು ಸಂಗಡಿಗರ ದೀರ್ಘಕಾಲದ ಅಧ್ಯಯನಗಳು, ಕಳಿಯುವಿಕೆಯ ಕೊನೆಯ ಹಂತದ ವೇಗಕ್ಕೂ ಎಲೆಯಲ್ಲಿದ್ದ ಮ್ಯಾಂಗನೀಸಿಗೂ ಸಂಬಂಧವಿರುವುದನ್ನು ತೋರಿಸಿವೆ. ಕ್ಯಾಲ್ಸಿಯಂನ ಕಥೆಯೂ ಇಂಥದೇ. ಪೋಲೆಂಡಿನಲ್ಲಿ ಒಂದೇ ಜಾಗದಲ್ಲಿ ನೆಟ್ಟ 14 ಜಾತಿಯ ಮರಗಳ ಅಡಿಯ ಮಣ್ಣನ್ನು ಹೋಲಿಸಿದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ಜಾತಿಗಳ ಕೆಳಗೆ ಎರೆಹುಳುಗಳು ಹೆಚ್ಚಾಗಿದ್ದವು, ಮಣ್ಣಿನ ಆಮ್ಲೀಯತೆ ಕಡಿಮೆಯಿತ್ತು. ಅಂದರೆ ಮರದ ಸಾಗಣೆಗೆ ಒಗ್ಗದೆ ಎಲೆಯಲ್ಲಿ ಉಳಿದ ಧಾತುಗಳೇ ಆ ಎಲೆಯನ್ನು ಮಣ್ಣಾಗಿಸುವವರಿಗೆ ಬೇಕಾದವು.

ಯಾವ ಎಲೆ ಬೇಗ, ಯಾವುದು ತಡ ಎಂದು ಮೊದಲೇ ಊಹಿಸಲು ಲಿಗ್ನಿನ್ ಮತ್ತು ಸಾರಜನಕದ ಅನುಪಾತ ಉತ್ತಮ ಸೂಚಿ. ಅಮೆರಿಕದ ಹಬರ್ಡ್ ಬ್ರೂಕ್ ಕಾಡಿನ ಎಲೆಗಳ ಮೇಲೆ ಮೆಲಿಲ್ಲೊ ಮತ್ತು ಸಹೋದ್ಯೋಗಿಗಳು ನಡೆಸಿ 1982ರಲ್ಲಿ ಪ್ರಕಟಿಸಿದ ಕೆಲಸದಿಂದ ಇದು ನೆಲೆಗೊಂಡಿತು. ಇದಕ್ಕೆ ಟ್ಯಾನಿನ್ ಅನ್ನೂ ಸೇರಿಸಬೇಕು. ಹುಳುಗಳನ್ನು ದೂರವಿಟ್ಟಿದ್ದ, ಪ್ರೋಟೀನನ್ನು ಗಂಟು ಹಾಕುವ ಅದೇ ಗುಣ ಸತ್ತ ಎಲೆಯಲ್ಲಿ ಉಳಿದ ಪ್ರೋಟೀನನ್ನು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಕಾಯುತ್ತದೆ, ಅವುಗಳ ಕಿಣ್ವಗಳಿಗೂ ಅಡ್ಡಿಯಾಗುತ್ತದೆ. ದಪ್ಪಗೆ, ಚಕ್ಕಳದಂತೆ, ವರ್ಷಗಟ್ಟಲೆ ಮರದ ಮೇಲೆಯೇ ಇರುವ ಎಲೆಗಳು ನೆಲದ ಮೇಲೂ ಹೆಚ್ಚು ಕಾಲ ಉಳಿಯುವುದು ಇದರಿಂದ.

ಪ್ರಶ್ನೆ: ಗುಂಡಿಯಲ್ಲಿ ನೀರು ನಿಂತು ಎಲೆಗಳು ಕಪ್ಪಾಗಿ ಕೆಟ್ಟ ವಾಸನೆ ಬರುತ್ತಿದೆ. ಗೊಬ್ಬರ ಹಾಳಾಯಿತೇ?

ಉತ್ತರ: ಹಾಳಾಗಿಲ್ಲ, ಉಸಿರು ಕಟ್ಟಿದೆ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ದುರ್ವಾಸನೆಯ ಆಮ್ಲಗಳನ್ನೂ ಹೈಡ್ರೋಜನ್ ಸಲ್ಫೈಡನ್ನೂ ಕೊನೆಗೆ ಮೀಥೇನನ್ನೂ ಉಂಟುಮಾಡುತ್ತವೆ. 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಮಾಜೊರೆ ಸರೋವರದ ಕೆಸರನ್ನು ಕಲಕಿ ಸಂಗ್ರಹಿಸಿದ ಉರಿಯುವ ಅನಿಲ ಇದೇ. ಕಪ್ಪಿಗೆ ಕಬ್ಬಿಣದ ಸಲ್ಫೈಡ್ ಒಂದು ಮುಖ್ಯ ಕಾರಣ. ಲಿಗ್ನಿನ್ ಒಡೆಯಲು ಆಮ್ಲಜನಕ ಬೇಕಾದ್ದರಿಂದ ಆ ಕೆಲಸ ಬಹುತೇಕ ನಿಂತೇಹೋಗುತ್ತದೆ. ನೀರು ಬಸಿದು, ರಾಶಿಯನ್ನು ಮಗುಚಿ, ಒಣ ಎಲೆ ಬೆರೆಸಿ. ವಾಸನೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಪ್ರಶ್ನೆ: ತರಗೆಲೆ ಕೊಳೆಯಲು ಇಷ್ಟು ಕಾಲ ಹಿಡಿಯುವುದಾದರೆ ಸುಟ್ಟು ಬೂದಿ ಹಾಕುವುದೇ ಮೇಲಲ್ಲವೇ? ಬೂದಿಯೂ ಗೊಬ್ಬರವೇ ತಾನೆ?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅನೇಕರು ಕೇಳದೆಯೇ ಸುಡುತ್ತಾರೆ. ಎಲೆಯ ಸಾವಯವ ವಸ್ತು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸಾರಜನಕ ಅನಿಲವಾಗಿ ಹೊರಡುತ್ತದೆ, ಗಂಧಕವೂ ಬಹುಪಾಲು ಹಾಗೆಯೇ ಹೋಗುತ್ತದೆ. ಇಂಗಾಲ ಹೋಗುವುದಂತೂ ಸರಿಯೇ. ಪೊಟ್ಯಾಸಿಯಂ ಮತ್ತು ರಂಜಕ ಆವಿಯಾಗಲು 750 ಡಿಗ್ರಿಗಿಂತ ಹೆಚ್ಚು ಬೇಕಾದ್ದರಿಂದ ಅವು ಹೆಚ್ಚಾಗಿ ಬೂದಿಯಲ್ಲಿ ಉಳಿಯುತ್ತವೆ, ಕ್ಯಾಲ್ಸಿಯಂ ಪೂರ್ತಿಯಾಗಿಯೇ ಉಳಿಯುತ್ತದೆ. ಹಾಗಾಗಿ ಬೂದಿಯಲ್ಲಿ ಏನೂ ಇಲ್ಲವೆಂದು ಹೇಳಲಾರೆ. ಆದರೆ ಅದರ ಪೊಟ್ಯಾಸಿಯಂ ಮೊದಲ ಮಳೆಗೇ ಕರಗಿ ಹರಿದುಹೋಗಬಹುದು. ಬೂದಿ ತೀರ ಕ್ಷಾರೀಯವಾದ್ದರಿಂದ ಈಗಾಗಲೇ ಕ್ಷಾರೀಯವಾಗಿರುವ ಮಣ್ಣಿಗೆ ಅದು ಕೆಡುಕನ್ನೇ ಮಾಡುತ್ತದೆ. ಆಮ್ಲೀಯ ಮಣ್ಣಿಗೆ ಮಾತ್ರ ಹಿತವಾದ ಪ್ರಮಾಣದಲ್ಲಿ ಹಾಕಬಹುದು.

ಸುಟ್ಟಾಗ ಆಗುವ ದೊಡ್ಡ ನಷ್ಟ ಪೋಷಕಾಂಶದ್ದೂ ಅಲ್ಲ. ಲಿಗ್ನಿನ್, ಟ್ಯಾನಿನ್, ಸತ್ತ ಸೂಕ್ಷ್ಮಜೀವಿಗಳ ಅವಶೇಷ ಇವೆಲ್ಲ ಸೇರಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವ ಕಪ್ಪು ವಸ್ತುವೇ ಮಣ್ಣನ್ನು ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಸುವುದು, ನೀರನ್ನೂ ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನೂ ಹಿಡಿದಿಡುವುದು. ಬೂದಿಯಿಂದ ಅದು ಸಿಗುವುದಿಲ್ಲ. ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು, ಕಾರ್ಬನ್ ಮಾನಾಕ್ಸೈಡ್, ಬೆಂಜೊಪೈರೀನಿನಂಥ ಕ್ಯಾನ್ಸರ್ ತರುವ ವಸ್ತುಗಳು ಶ್ವಾಸಕೋಶಕ್ಕೆ ಹೋಗುವ ವಿಷಯ ಬೇರೆಯೇ ಇದೆ. ದಯವಿಟ್ಟು ಸುಡಬೇಡಿ.

ಕಾಲ ಹೆಚ್ಚಾಯಿತೆನಿಸಿದರೆ ಎಲೆಯನ್ನು ತುಳಿದು ಅಥವಾ ಕತ್ತರಿಸಿ ಸಣ್ಣ ಮಾಡಿ. ಮೇಣದ ಹೊದಿಕೆ ಒಡೆದರೆ ನೀರೂ ಶಿಲೀಂಧ್ರದ ಎಳೆಯೂ ಅಂಚುಗಳಿಂದ ಒಳಹೋಗುತ್ತವೆ. ಹಿಂಡಿದ ಬಟ್ಟೆಯಷ್ಟು ತೇವವಿರಲಿ, ಹಸಿ ಸೊಪ್ಪಿನ ಜೊತೆ ಪದರವಾಗಿ ಹಾಕಿ, ಆಗಾಗ ಮಗುಚಿ. ರಾಶಿ ಒಂದು ಮೀಟರಿನಷ್ಟಾದರೂ ಎತ್ತರ ಮತ್ತು ಅಗಲವಿದ್ದರೆ ಒಳಗೆ ಶಾಖ ನಿಲ್ಲುತ್ತದೆ. ನಡುಭಾಗ 55ರಿಂದ 65 ಡಿಗ್ರಿ ತಲುಪಿದರೆ ಕೆಲವು ತಿಂಗಳಲ್ಲೇ ಗೊಬ್ಬರ ಸಿಗುತ್ತದೆ. ಬರಿಯ ತರಗೆಲೆಯನ್ನೇ ತೇವವಾಗಿ ಮುಚ್ಚಿಟ್ಟರೆ ಬಿಸಿಯೇರದೆ, ಶಿಲೀಂಧ್ರಗಳಿಂದಲೇ, ಒಂದೆರಡು ವರ್ಷಗಳಲ್ಲಿ ಕಳಿಯುತ್ತದೆ. ಹಾಗೆ ಸಿಕ್ಕ ಪುಡಿಯಲ್ಲಿ ಸಾರಜನಕ ಹೆಚ್ಚಿರುವುದಿಲ್ಲವಾದರೂ ನೀರು ಹಿಡಿಯುವ ಗುಣ ಬಹಳ, ಬೀಜದ ಮಡಿಗೆ ಬೆರೆಸಲು ಅದೇ ಹೆಚ್ಚು ಸೂಕ್ತ.